ನೀರಿಳಿದ ಮೇಲೆ

ಅವಳಿಗೆ ಈಜು ಬರುತ್ತಿರಲಿಲ್ಲ. ಅಪ್ಪನ ಎದುರು ಮಾತೂ ಬರುತ್ತಿರಲಿಲ್ಲ.

ಅಪ್ಪ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ರಜೆಗೆ ಸಮುದ್ರದ ದಡಕ್ಕೆ ಬಂದರೂ ಮೈದಾನವನ್ನು ಹೆಗಲ ಮೇಲೆ ಹೊತ್ತುಕೊಂಡೇ ಬರುತ್ತಿದ್ದರು. ಮನೆಯವರು ನೀರಿಗಿಳಿದ ಮೇಲೆ ಆಗಾಗ ತಲೆ ಎಣಿಸುವುದು ಅವರ ಪದ್ಧತಿ. ಅಪ್ಪ ಒಂದು, ಅಮ್ಮ ಎರಡು, ಚಿಕ್ಕಪ್ಪ ಮೂರು, ಚಿಕ್ಕಮ್ಮ ನಾಲ್ಕು, ಅವಳು ಐದು, ತಂಗಿ ಆರು. ಅಪ್ಪ ಅಂಕಿ ಕೂಗಬೇಕು, ಆ ಅಂಕಿಯವರು ಅದನ್ನೇ ತಿರುಗಿ ಕೂಗಬೇಕು. ಉತ್ತರ ಬಾರದಿದ್ದರೆ ಅಪ್ಪ ಅಲ್ಲೇ ನಿಲ್ಲುತ್ತಿದ್ದರು, ಮುಂದಿನ ಅಂಕಿಗೆ ಹೋಗುತ್ತಿರಲಿಲ್ಲ. ಚಿಕ್ಕಪ್ಪ ಒಮ್ಮೆ ತಮಾಷೆಗೆಂದು ಸುಮ್ಮನಿದ್ದರು. ಮೂರು, ಮೂರು ಎಂದು ಕೂಗುತ್ತ ಅಪ್ಪ ಅವರ ಮೇಲೆಯೇ ಬಂದು ಬಿದ್ದರು. ಆಮೇಲೆ ಆ ಮನೆಯಲ್ಲಿ ಎಣಿಕೆಯ ವಿಷಯಕ್ಕೆ ಯಾರೂ ತಮಾಷೆ ಮಾಡಲಿಲ್ಲ.

ಹೀಗಾಗಿ ದಡದ ಕಾವಲು ಗೋಪುರದಲ್ಲಿ ಕೂರುತ್ತಿದ್ದ ಲೈಫ್‌ಗಾರ್ಡ್‌ಗೆ ಅವಳ ಹೆಸರಿಗಿಂತ ಮೊದಲು ಅವಳ ಅಂಕಿ ಗೊತ್ತಾಗಿತ್ತು.

ಎರಡು ವರ್ಷದ ಹಿಂದೆ, ಅವಳು ಹಿಮ್ಮಡಿ ನೆನೆಯುವಷ್ಟು ನೀರಿನಲ್ಲಿ ನಿಂತಿದ್ದಾಗ ಅವನು ಸೀಟಿ ಊದಿದ್ದ. ಅವಳು ಸುತ್ತ ನೋಡಿದಳು. ಬೇರೆ ಯಾರೂ ಇರಲಿಲ್ಲ. ಗೋಪುರದ ಬುಡಕ್ಕೆ ಹೋಗಿ, ಹಿಮ್ಮಡಿ ಮುಳುಗಿದ್ದಕ್ಕೆ ಯಾರಾದರೂ ಸತ್ತದ್ದುಂಟಾ ಎಂದು ಕೇಳಿದಳು.

“ಇಲ್ಲ. ಸೀಟಿ ತುಕ್ಕು ಹಿಡೀಬಾರದಲ್ಲ, ಅದಕ್ಕೆ ಊದಿದೆ,” ಅಂದ. ಮುಖ ಗಂಭೀರವಾಗಿತ್ತು. ಕಿವಿಗಳು ಮಾತ್ರ ಕೆಂಪಾಗಿದ್ದವು.

ತಂಗಿ ಅವನಿಗೆ ‘ಸೀಟಿ’ ಎಂದೇ ಹೆಸರಿಟ್ಟಳು. ಸೀಟಿ ತನ್ನ ದುರ್ಬೀನನ್ನು ದೂರದ ದೋಣಿಗಳಿಂದ ಮೆಲ್ಲಗೆ ತಿರುಗಿಸುತ್ತ ಬರುತ್ತಿದ್ದ. ಅವಳು ಕೂತ ಚಾಪೆ ಬರುವ ಹೊತ್ತಿಗೆ ಸರಿಯಾಗಿ ಅದನ್ನು ಕೆಳಗಿಳಿಸಿ, ಬರಿಗಣ್ಣಿನಲ್ಲಿ ನೋಡುತ್ತಿದ್ದ. ಅದು ಅವಳಿಗೆ ಹಿಡಿಸಿತು. ದುರ್ಬೀನಿನಲ್ಲಿ ಯಾರು ಬೇಕಾದರೂ ಕದ್ದು ನೋಡಬಹುದು. ಬರಿಗಣ್ಣಿನಲ್ಲಿ ನೋಡುವವನು ತಾನೂ ಕಾಣಿಸಿಕೊಳ್ಳಬೇಕಾಗುತ್ತದೆ.

ರಜೆ ಮುಗಿದ ಮೇಲೆ ಫೋನ್. ಅಪ್ಪನ ಚಪ್ಪಲಿ ಸದ್ದು ಕೇಳಿದರೆ ಅವಳು ಅರ್ಧ ಮಾತಿಗೇ ಕಟ್ ಮಾಡುತ್ತಿದ್ದಳು. ಅವನು ಒಮ್ಮೆಯೂ ಯಾಕೆಂದು ಕೇಳಲಿಲ್ಲ. ಈ ವರ್ಷ ರಜೆಗೆ ಬಂದಿಳಿದ ದಿನ ಮಾತ್ರ ಕೇಳಿದ. ಅಪ್ಪನಿಗೆ ನೀನು ಹೇಳು, ಇಲ್ಲದಿದ್ದರೆ ನಾನು ಹೇಳುತ್ತೇನೆ, ಕಳ್ಳನ ಹಾಗೆ ಬದುಕಿ ಸಾಕಾಯಿತು ಅಂದ. ಅದಕ್ಕೆ ಮೊದಲು ಒಂದು ಸಲ ಇಬ್ಬರೇ ಕೂತು ಮಾತಾಡೋಣ ಎಂದು ಅವಳು ಬೇಡಿಕೊಂಡಳು.

ಮರುದಿನ ಬೆಳಿಗ್ಗೆ ಅವನು ಬಾವುಟದ ಕೋಲು ಹೊತ್ತು ಅವರ ಚಾಪೆಯ ಪಕ್ಕದಿಂದ ಹಾದುಹೋದ. ಅಮ್ಮ ಟವೆಲ್ ಕೊಡವುತ್ತಿದ್ದರು, ಅಪ್ಪ ಬಗ್ಗಿ ಕಾಲ್ಬೆರಳು ಮುಟ್ಟುತ್ತಿದ್ದರು. ಅವನು ತಿರುಗಿಯೂ ನೋಡದೆ ಹೇಳಿದ:

“ನೀರಿಳಿದ ಮೇಲೆ ಬಾ. ಕಪ್ಪು ಬಂಡೆ ಹಿಂದೆ.”

ಗಾಳಿಯಿತ್ತು. ಅವಳ ಕಿವಿಗೆ ಬಿದ್ದದ್ದು, ನೀರಿಗಿಳಿದ ಮೇಲೆ ಬಾ ಎಂದು.

ಒಂದೇ ಅಕ್ಷರ ಹೆಚ್ಚು. ಸಮುದ್ರದ ಊರಿನವನಿಗೆ ಇಳಿಯುವುದೆಂದರೆ ನೀರು. ರಜೆಗೆ ಬಂದವರಿಗೆ ಇಳಿಯುವುದೆಂದರೆ ತಾವು. ಅವನು ಹೇಳಿದ್ದು ಸಂಜೆಗೆ ಮುಂಚಿನ ಇಳಿತವನ್ನು. ಅವಳು ತಿಳಿದದ್ದು, ಮನೆಯವರೆಲ್ಲ ನೀರಿಗೆ ಹೋದ ತಕ್ಷಣ ಎಂದು. ಆಗ ಉಬ್ಬರ ಏರುತ್ತಿತ್ತು.

ಎಣಿಕೆಯನ್ನು ತಂಗಿ ನೋಡಿಕೊಳ್ಳುವುದೆಂದು ಮಾತಾಯಿತು. ಅಪ್ಪ ಐದು ಅಂದಾಗ ಅಕ್ಕನ ದನಿಯಲ್ಲಿ ಐದು, ಆರು ಅಂದಾಗ ತನ್ನ ದನಿಯಲ್ಲಿ ಆರು. ಅದಕ್ಕೆ ಪ್ರತಿಯಾಗಿ ವಾಪಸ್ ಹೋಗುವಾಗ ಕಾರಿನ ಕಿಟಕಿ ಸೀಟು ತಂಗಿಗೆ.

ಕಪ್ಪು ಬಂಡೆ ಮರಳ ದಂಡೆಯ ಕೊನೆಯಲ್ಲಿತ್ತು. ನಡುವೆ ಒಂದು ಮರಳಿನ ಪಟ್ಟಿ, ಪಾದ ಮುಳುಗುವಷ್ಟು ನೀರು. ಅವಳು ದಾಟಿದಳು. ಬಂಡೆಯ ಹಿಂಬದಿಯಲ್ಲಿ ಜಗಲಿಯಂಥ ಜಾಗ, ದಡದಿಂದ ಕಾಣುವುದಿಲ್ಲ. ಚಪ್ಪಲಿ ಬಿಚ್ಚಿಟ್ಟು ಕೂತು, ಅಪ್ಪನಿಗೆ ಹೇಳಬೇಕಾದ ಮಾತನ್ನು ಅಭ್ಯಾಸ ಮಾಡಿದಳು. ಅಪ್ಪಾ, ನಿಮ್ಮ ಹತ್ರ ಒಂದು ವಿಷಯ. ಪ್ರತಿ ಸಲವೂ ಅಲ್ಲಿಗೇ ನಿಲ್ಲುತ್ತಿತ್ತು.

ನೀರು ಮೊದಲು ಚಪ್ಪಲಿ ತೆಗೆದುಕೊಂಡು ಹೋಯಿತು. ಅವಳು ಎದ್ದು ಬಂಡೆಯ ಬದಿಗೆ ಬಂದು ನೋಡಿದಳು. ಮರಳಿನ ಪಟ್ಟಿ ಇರಲಿಲ್ಲ. ಅದಿದ್ದ ಕಡೆ ನೊರೆ ಸುಳಿ ತಿರುಗುತ್ತಿತ್ತು. ಬಂಡೆ ಹತ್ತಲು ನೋಡಿದಳು. ಅದಕ್ಕಂಟಿದ ಚಿಪ್ಪುಗಳು ಪಾದ ಕೊಯ್ದವು, ಕಾಲು ಜಾರಿತು. ಆಗ ಅವಳಿಗೆ ಪಾಚಿಯ ಗೆರೆ ಕಾಣಿಸಿತು. ನೀರು ದಿನವೂ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ಬಂಡೆ ಹಸಿರಾಗಿತ್ತು. ಆ ಗೆರೆ ಅವಳ ತಲೆಗಿಂತ ಮೇಲಿತ್ತು.

ಕೂಗಬಹುದಿತ್ತು. ಕೂಗಿದರೆ ಮೊದಲು ಬರುವವರು ಅಪ್ಪ. ಇಲ್ಲಿ ಯಾಕೆ ಬಂದೆ ಎಂದು ಕೇಳುತ್ತಾರೆ. ನೀರು ಮೊಣಕಾಲಿಗೆ ಬಂತು, ಅವಳು ಕೂಗಲಿಲ್ಲ.

ಅಷ್ಟರಲ್ಲಿ ಎಣಿಕೆ ಶುರುವಾಯಿತು. ಉಳಿದವರ ದನಿ ಅಲ್ಲಿಗೆ ತಲುಪುತ್ತಿರಲಿಲ್ಲ, ಅಪ್ಪನದು ಮಾತ್ರ ಮೈದಾನದ ಗಂಟಲು. ಎರಡು. ಮೂರು. ನಾಲ್ಕು. ಐದು. ಅವಳು ಕಿವಿಗೊಟ್ಟು ಕೇಳಿದಳು. ಅಪ್ಪ ಅಲ್ಲೇ ನಿಂತರೆ ಯಾರಾದರೂ ಹುಡುಕುತ್ತಾರೆ.

ಅಪ್ಪ ನಿಲ್ಲಲಿಲ್ಲ. ಆರು ಅಂದರು.

ತಂಗಿ ಮಾತು ಉಳಿಸಿಕೊಂಡಿದ್ದಳು. ದಡದ ಲೆಕ್ಕದಲ್ಲಿ ಅಕ್ಕ ಕ್ಷೇಮವಾಗಿದ್ದಳು.

ಸೊಂಟಕ್ಕೆ ಬಂದ ನೀರು ಅವಳನ್ನು ಎತ್ತಿ ಬಂಡೆಗೆ ಹೊಡೆಯಿತು. ಬಾಯಿ ತುಂಬ ಉಪ್ಪು. ಚಿಪ್ಪುಗಳನ್ನೇ ಹಿಡಿದು ನೇತಾಡಿದಳು, ಅಂಗೈಯಿಂದ ರಕ್ತ ಇಳಿಯಿತು. ಅಪ್ಪನಿಗೆ ಹೆದರಿ ಸಾಯುತ್ತಿದ್ದೇನೆ ಎಂಬುದು ಅವಳಿಗೆ ಆಗ ಮೊದಲ ಸಲ ಸ್ಪಷ್ಟವಾಯಿತು. ಎದೆಯ ಮಟ್ಟಕ್ಕೆ ನೀರು ಬಂದಾಗ ಮತ್ತೆ ಎಣಿಕೆ ಕೇಳಿಸಿತು. ನಾಲ್ಕು. ಐದು.

“ಐದು,” ಎಂದು ಕಿರುಚಿದಳು. ಕಾಪಾಡಿ ಎಂಬುದು ಬಾಯಿಗೆ ಬರಲಿಲ್ಲ, ಅಪ್ಪಾ ಎಂಬುದೂ ಬರಲಿಲ್ಲ. ಅಂಕಿ ಬಂತು. ಗಾಳಿ ದಡದ ಕಡೆಗಿತ್ತು.

ಅಪ್ಪನ ದನಿ ನಿಂತಿತು. ಎರಡು ಐದು ಕೇಳಿದ ಮನುಷ್ಯ ಆರಕ್ಕೆ ಹೋಗಲಿಲ್ಲ.

ಆದರೆ ಬಂಡೆಯ ಬದಿಯಿಂದ ಕಾಣಿಸಿಕೊಂಡ ತಲೆ ಅಪ್ಪನದಲ್ಲ. ಸೀಟಿ, ರಬ್ಬರ್ ತೇಲುಬುರುಡೆಯನ್ನು ಎಳೆದುಕೊಂಡು ಬರುತ್ತಿದ್ದ. ಹತ್ತಿರ ಬಂದು ಅವಳ ಸೊಂಟ ಬಳಸಿ ಹಿಡಿದು, ಕೈ ಬಿಡು ಅಂದ. ಆಗಲ್ಲ ಅಂದಳು.

“ಬಂಡೇನ ಬಿಡು ಅಂದೆ. ನನ್ನನ್ನಲ್ಲ.”

ಅವನ ಗದ್ದ ನಡುಗುತ್ತಿತ್ತು. ಅವನಿಗೂ ಹೆದರಿಕೆಯಾಗುತ್ತದೆ ಎಂದು ಅವಳು ಯೋಚಿಸಿಯೇ ಇರಲಿಲ್ಲ. ಒಂದೊಂದೇ ಬೆರಳು ಬಿಡಿಸಿದಳು.

“ಮೊದಲನೇ ಎಣಿಕೆಗೇ ಹೊರಟೆ,” ಅಂದ ಅವನು, ನೀರು ಉಗುಳುತ್ತ. “ಅದು ನಿನ್ನ ಐದಲ್ಲ. ನೀನು ‘ದು’ನ ಎಳೀತೀಯ.”

ಅವನು ದಡದ ಕಡೆಗೆ ಎಳೆದು ತರುವಾಗ ಅಪ್ಪ ಎದೆಮಟ್ಟದ ನೀರಿಗೆ ಬಂದು ಅವಳ ರಟ್ಟೆ ಹಿಡಿದರು. ದಡಕ್ಕೆ ತಂದು ಕೂರಿಸಿದ ಮೇಲೆ ಅಲ್ಲೇನು ಮಾಡುತ್ತಿದ್ದೆ ಎಂದು ಕೇಳಿದರು. ಚಿಪ್ಪು ಆರಿಸೋಕೆ ಹೋಗಿದ್ರು ಅನಿಸುತ್ತೆ ಸರ್ ಎಂದು ಸೀಟಿ ಬಾಯಿ ಹಾಕಿದ.

“ಅಲ್ಲ,” ಅಂದಳು ಅವಳು. “ಇವರನ್ನ ನೋಡೋಕೆ ಹೋಗಿದ್ದೆ, ಅಪ್ಪಾ. ಎರಡು ವರ್ಷದಿಂದ ನೋಡ್ತಿದೀನಿ.”

ಹಲ್ಲು ಕಟಕಟ ಅನ್ನುತ್ತಿದ್ದವು. ಆದರೂ ವಾಕ್ಯ ಕೊನೆ ಮುಟ್ಟಿತು.

ಅಪ್ಪ ಅವಳನ್ನು ಬಿಟ್ಟು ಅವನ ಕಡೆ ತಿರುಗಿದರು. “ನಮ್ಮ ಮನೆಯವರು ಐದು ಜನ ನೀರಲ್ಲಿದ್ವಿ. ಗೋಪುರದಲ್ಲಿ ಯಾರಿದ್ರು?”

“ಯಾರೂ ಇರ್ಲಿಲ್ಲ ಸರ್.”

ಜೊತೆಗಾರ ಚಹಾಕ್ಕೆ ಹೋಗಿದ್ದ. ಅವನು ಬಂದು ಹತ್ತುವವರೆಗೆ ಇಳಿಯಬಾರದೆಂಬುದು ಆ ಕೆಲಸದ ಮೊದಲ ನಿಯಮ. ಮೇಲಧಿಕಾರಿಗಳು ಅಪ್ಪನ ಎದುರೇ ಕೇಳಿದಾಗಲೂ ಸೀಟಿ, ಗೋಪುರದಲ್ಲಿ ಯಾರೂ ಇರಲಿಲ್ಲ ಎಂದೇ ಹೇಳಿದ. ಜೊತೆಗೆ, ಅವಳನ್ನು ಬಂಡೆಗೆ ಕರೆದದ್ದು ತಾನೇ ಎಂದೂ ಹೇಳಿದ. ಸಂಜೆಗೆ ಅವನ ಲೈಫ್‌ಗಾರ್ಡ್ ಕೆಂಪು ಅಂಗಿ, ಊದುವ ಸೀಟಿ ಎರಡನ್ನೂ ವಾಪಸ್ ತೆಗೆದುಕೊಂಡರು.

ಬಾಡಿಗೆಯ ಎರಡು ಕೋಣೆಗಳಲ್ಲಿ ಆ ಸಂಜೆ ಯಾರೂ ಲೈಟು ಹಾಕುವ ಗೋಜಿಗೆ ಹೋಗಲಿಲ್ಲ. ಕುರ್ಚಿಗಳ ಮೇಲೆ ಒದ್ದೆ ಟವೆಲ್ಲು, ಹಾಸಿಗೆಯ ತುಂಬ ಮರಳು. ಅಮ್ಮ ಅವಳ ಪಾದಕ್ಕೆ ಮುಲಾಮು ಹಚ್ಚುತ್ತ, ಒಂದು ಮಾತು ನನಗಾದರೂ ಹೇಳಬಾರದಿತ್ತೇ ಎಂದು ಮೆಲ್ಲಗೆ ಬೈದರು. ತಂಗಿ, ನನಗೆ ಕಿಟಕಿ ಸೀಟು ಬೇಡ ಎಂದು ಅಳುತ್ತಿದ್ದಳು. ಅಪ್ಪ ವರಾಂಡದಲ್ಲಿ ಬೆನ್ನು ತಿರುಗಿಸಿ ಕೂತಿದ್ದರು. ಆ ಬೆನ್ನು ನೋಡಿ ಅವಳಿಗೆ ಬಂಡೆಯ ಹಿಂದೆ ಆದದ್ದಕ್ಕಿಂತ ಹೆಚ್ಚು ಭಯವಾಯಿತು. ನೀರು ಎಲ್ಲಿಯವರೆಗೆ ಏರುತ್ತದೆಂದು ಬಂಡೆಯಲ್ಲಿ ಗೆರೆಯಾದರೂ ಇತ್ತು.

ಮರುದಿನ ಬೆಳಿಗ್ಗೆ ಕಾರಿಗೆ ಬ್ಯಾಗು ತುಂಬುವಾಗ ಅವನು ಬಂದ. ಕೆಂಪು ಅಂಗಿಯಿಲ್ಲದೆ ಬೇರೆ ಯಾರೋ ಅನ್ನಿಸುವಷ್ಟು ಸಣಕಲಾಗಿ ಕಾಣುತ್ತಿದ್ದ. ಹತ್ತಿರ ಬರುವ ಧೈರ್ಯವಾಗಲಿಲ್ಲವೇನೋ, ಕವುಚಿಟ್ಟ ದೋಣಿಯ ಪಕ್ಕ ಮರಳಿನ ಮೇಲೆ ಕೂತ. ಅಪ್ಪ ನೋಡಿದರು. ನೋಡದವರಂತೆ ಡಿಕ್ಕಿಯ ಬಾಗಿಲು ಹಾಕಿದರು. ಎಂದಿನಂತೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಎಣಿಸಿದರು. ಅವಳು ಐದು ಅಂದಳು, ಎಳೆಯದೆ. ತಂಗಿ ಆರು ಅಂದಳು.

“ಏಳು,” ಅಂದರು ಅಪ್ಪ, ಸಮುದ್ರದ ಕಡೆ ನೋಡುತ್ತ.

ಅವನು ಧಡಕ್ಕನೆ ಎದ್ದು ನಿಂತ. ಪ್ಯಾಂಟಿನಿಂದ ಮರಳು ಸುರಿಯಿತು. ಇಲ್ಲಿಂದ ಹೋಗು ಎನ್ನಿಸಿಕೊಳ್ಳಲು ಸಿದ್ಧನಾದಂತೆ ಕೈ ಕಟ್ಟಿಕೊಂಡ. ಚಿಕ್ಕಪ್ಪ ಮೊದಲು ಅರ್ಥ ಮಾಡಿಕೊಂಡು ಮೂಗಿನಲ್ಲೇ ನಕ್ಕರು.

“ಎದ್ದೇಳು ಅಂದಿಲ್ಲಪ್ಪ,” ಅಂದರು ಅಪ್ಪ. “ಎಣಿಸ್ತಿದೀನಿ.”

ಮತ್ತೊಮ್ಮೆ ಏಳು ಅಂದು ಅಲ್ಲೇ ನಿಂತರು.

ಅವನು ಅವಳನ್ನು ನೋಡಿದ. ಇವನು ಉತ್ತರ ಕೊಡದಿದ್ದರೆ ಅಪ್ಪ ಮೂರನೇ ಸಲ ಕೂಗುತ್ತಾರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ದಡದ ಈ ತುದಿಯಿಂದ ಆ ತುದಿಗೆ ಸೀಟಿ ಕೇಳಿಸುತ್ತಿದ್ದವನ ಬಾಯಿಂದ ಪಿಸುಮಾತಿನಷ್ಟೇ ಹೊರಟಿತು.

“ಏಳು.”

ಅಪ್ಪ ತಲೆಯಾಡಿಸಿದರು. ಮೊದಲು ಒಂದು ಕೆಲಸ ಹುಡುಕಿಕೊಂಡು, ಆಮೇಲೆ ಹೆತ್ತವರೊಂದಿಗೆ ಮನೆಗೆ ಬಾ ಎಂದು ಹೇಳಿ ಸ್ಟಿಯರಿಂಗ್ ಹಿಂದೆ ಕೂತರು. ಕಿಟಕಿ ಸೀಟಿನಲ್ಲಿ ಆಗಲೇ ತಂಗಿ ಕೂತಿದ್ದಳು. ಅವಳು ತಂಗಿಯ ಭುಜದ ಮೇಲಿಂದ ಬಗ್ಗಿ ನೋಡಿದಾಗ, ಅವನಿನ್ನೂ ಕೈ ಕಟ್ಟಿಕೊಂಡು ನಿಂತೇ ಇದ್ದ.

ಆ ರಜೆಯಲ್ಲಿ ಕಳೆದದ್ದು ಇಷ್ಟು: ಚಪ್ಪಲಿ ಒಂದು ಜೊತೆ, ಸೀಟಿ ಒಂದು, ಕಿಟಕಿ ಸೀಟು ಒಂದು, ಕೆಲಸ ಒಂದು.