ಐದು ಮೇಜಿನ ಹೋಟೆಲು

ಮೀನು ಕತ್ತರಿಸುವ ಹಲಗೆಯ ಮೇಲೆ ನನ್ನ ಎಡಗೈ ಇತ್ತು.

ಅಂಗೈ ಕೆಳಗೆ, ಬೆರಳು ಅಗಲ. ಮಣಿಕಟ್ಟನ್ನು ದೋಣಿಯವನು ಅದುಮಿ ಹಿಡಿದಿದ್ದ. ಎದುರಿಗೆ ಅಡುಗೆಯವಳು. ಅವಳ ಎಡಗೈಯಲ್ಲಿ ಚಾಕು... ತೆಳ್ಳಗೆ, ಉದ್ದಕ್ಕೆ. ಅಂಚಿಗೆ ಇನ್ನೂ ಮೀನಿನ ಹುರುಪೆ ಅಂಟಿತ್ತು.

"ಯಾರು ಕಳ್ಸಿದ್ದು?"

"ಯಾರೂ ಇಲ್ಲ. ರಜಕ್ಕೆ ಬಂದಿದೀನಿ."

"ಇನ್ನೊಂದ್ಸಲ ಕೇಳ್ತೀನಿ."

ಒಂದು ಪರದೆಯ ಆಚೆ, ಎಂಟು ಹೆಜ್ಜೆ ದೂರದಲ್ಲಿ ನನ್ನ ಹೆಂಡತಿ ಕೂತು ಊಟ ಮಾಡುತ್ತಿದ್ದಳು. ಅವಳ ಚಮಚ ತಟ್ಟೆಗೆ ತಾಗುವ ಸದ್ದು ನನಗೆ ಕೇಳುತ್ತಿತ್ತು. ಕೂಗಬಹುದಿತ್ತು. ಕೂಗಿದರೆ ಅವಳು ಒಳಗೆ ಬರುತ್ತಾಳೆ. ಬಂದರೆ ಏನಂತ ಹೇಳಲಿ?

ಬಾಯಿ ಮುಚ್ಚಿಕೊಂಡೆ.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಓಡಿಹೋದವರನ್ನು ಹುಡುಕಿ ತರುವುದು. ಗಂಡನನ್ನು ಬಿಟ್ಟು ಹೋದವರು, ಅಪ್ಪನ ಕಣ್ಣು ತಪ್ಪಿಸಿದವರು, ಪಾಲುದಾರನ ಕಾಗದಪತ್ರ ಎತ್ತಿಕೊಂಡು ಪರಾರಿಯಾದವರು. ಪೊಲೀಸರು ಫೈಲ್ ಮುಚ್ಚಿದ ಮೇಲೆ ಜನ ನನ್ನ ಹತ್ತಿರ ಬರುತ್ತಾರೆ. ಯಾಕೆ ಓಡಿದರು ಅಂತ ನಾನು ಕೇಳುವುದಿಲ್ಲ. ಎಲ್ಲಿಗೆ ಅನ್ನುವುದಷ್ಟೇ ನನ್ನ ತಲೆನೋವು. ಇಪ್ಪತ್ತೆರಡು ವರ್ಷದಲ್ಲಿ ಬರಿಗೈಯಲ್ಲಿ ವಾಪಸ್ ಬಂದದ್ದು ಎರಡೇ ಸಲ. ಆ ಇಬ್ಬರೂ ನಾನು ಮುಟ್ಟುವಷ್ಟರಲ್ಲಿ ಸತ್ತಿದ್ದರು.

ಆದರೆ ಆ ದಿನ ನಾನು ನಿಜವಾಗಿಯೂ ರಜದಲ್ಲಿದ್ದೆ.

ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಮೊದಲ ಪ್ರವಾಸ. ಹೆಂಡತಿ ಹಟ ಹಿಡಿದಿದ್ದಳು. ಸಮುದ್ರದ ಪಕ್ಕದ ಲಾಡ್ಜಿನಲ್ಲಿ ಮೂರು ದಿನ ಕಳೆದ ಮೇಲೆ ಅವಳಿಗೆ ಅಲ್ಲಿನ ಊಟ ಬೇಸರವಾಯಿತು. ಲಾಡ್ಜಿನ ಮ್ಯಾನೇಜರ್ ದನಿ ತಗ್ಗಿಸಿ ಒಂದು ಗುಟ್ಟು ಹೇಳಿದ. ಎದುರಿನ ದ್ವೀಪದ ಹಿಂಭಾಗದಲ್ಲಿ, ಬಂಡೆಗಳ ಸಂದಿಯಲ್ಲಿ ಒಂದು ಹೋಟೆಲಿದೆಯಂತೆ. ಬೋರ್ಡಿಲ್ಲ, ಫೋನಿಲ್ಲ, ಐದೇ ಮೇಜು. ಬೆಳಗ್ಗೆ ಸಿಕ್ಕ ಮೀನು ಮಧ್ಯಾಹ್ನ ತಟ್ಟೆಗೆ. ದೋಣಿಯವನಿಗೆ ಮುಖ ಹಿಡಿಸಿದರೆ ಕರೆದುಕೊಂಡು ಹೋಗುತ್ತಾನೆ, ಇಲ್ಲದಿದ್ದರೆ ಇಲ್ಲ.

ಹೆಂಡತಿಯ ಮುಖ ಅವನಿಗೆ ಹಿಡಿಸಿತು. ಅವಳ ಮುಖ ಎಲ್ಲರಿಗೂ ಹಿಡಿಸುತ್ತದೆ.

ಜಾಗ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ತಗಡಿನ ಮಾಡು, ತೊಳೆದು ತೊಳೆದು ಬೆಳ್ಳಗಾದ ಮೇಜು, ಕಾಲಿನ ಕೆಳಗೆ ಮರಳು. ಬೇರೆ ಗಿರಾಕಿಗಳಿರಲಿಲ್ಲ. ಸುಟ್ಟ ಮೀನಿನ ಮೇಲೆ ಹಸಿರು ಬಣ್ಣದ ಏನನ್ನೋ ಸುರಿದು ಕೊಟ್ಟಿದ್ದರು. ಒಂದು ತುತ್ತು ಬಾಯಿಗಿಟ್ಟ ಹೆಂಡತಿ ಕಣ್ಣು ಮುಚ್ಚಿಬಿಟ್ಟಳು. ಇದಕ್ಕೆ ಏನು ಹಾಕಿದ್ದಾರೆ, ಒಳಗೆ ಹೋಗಿ ಕೇಳಿಕೊಂಡು ಬನ್ನಿ ಅಂದಳು. ನಿಮ್ಮ ಕೆಲಸವೇ ವಿಚಾರಿಸುವುದಲ್ಲವಾ ಅಂತ ನಕ್ಕಳು.

ಎದ್ದು ಹೋದೆ.

ಗುರುತು ಹತ್ತಿದ್ದು ಮುಖದಿಂದಲ್ಲ, ಬಲಗೈಯಿಂದ. ಮೂರು ಬೆರಳು ಒಣಗಿದ ಬೇರಿನ ಹಾಗೆ ಸೊಟ್ಟಗಾಗಿದ್ದವು. ಅವಳಿಗೂ ನನ್ನ ಗುರುತು ಹತ್ತಿತು. ನನ್ನ ಹಿಂದೆಯೇ ಬಂದಿದ್ದ ದೋಣಿಯವನಿಗೆ ಒಂದೇ ಮಾತು ಹೇಳಿದಳು.

"ಅವನೇ."

ಏಳು ವರ್ಷದ ಹಿಂದಿನ ಕೇಸು. ಗಂಡ ಕಲ್ಲಿನ ಕ್ವಾರಿಯ ಧಣಿ. ಅವನ ಹೊಡೆತ ತಾಳಲಾರದೆ ಇವಳು ಓಡಿದ್ದಳು. ಹನ್ನೊಂದನೆಯ ದಿನ ನನಗೆ ಸಿಕ್ಕಳು... ಟೈಲರ್ ಅಂಗಡಿಯ ಮೇಲಿನ ಒಂದು ಕೋಣೆ, ಕೈಯಲ್ಲಿ ಅಂಗಿ ಮತ್ತು ಗುಂಡಿ. ಅಣ್ಣಾ ಅಂದಳು. ಒಂದು ಗಂಟೆ ಟೈಮ್ ಕೊಡಣ್ಣಾ, ನನ್ನನ್ನು ನೋಡಿಲ್ಲ ಅಂತ ಹೇಳಿಬಿಡಣ್ಣಾ ಅಂತ ಕಾಲಿಗೆ ಬಿದ್ದಳು. ನಾನು ಕುರ್ಚಿ ಎಳೆದು ಬಾಗಿಲಿಗೆ ಅಡ್ಡ ಹಾಕಿ ಕೂತೆ. ಧಣಿಗೆ ಫೋನ್ ಮಾಡಿದೆ.

ಕೆಳಗೆ ಕಾರು ಹತ್ತುವಾಗ ಅವಳು ಅದರ ಬಾಗಿಲಿನ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಿಡು ಅಂದ ಧಣಿ. ಬಿಡಲಿಲ್ಲ. ಅವನು ಬಾಗಿಲು ಹಾಕಿದ. ಒಂದು ಸಲವಲ್ಲ... ಮೂರು ಸಲ. ನಾನು ಸ್ಟೀರಿಂಗ್ ಮುಂದೆ ಕೂತಿದ್ದೆ. ರೇಡಿಯೋ ಸದ್ದು ಜಾಸ್ತಿ ಮಾಡಿದೆ.

ಆಮೇಲೆ ಇವಳು ಮತ್ತೆ ಓಡಿದಳು ಅಂತ ಸುದ್ದಿ ಬಂತು. ಆಗ ನನ್ನ ಕೈಯಲ್ಲಿ ಬೇರೆ ಕೆಲಸವಿತ್ತು. ಧಣಿ ಬೇರೆಯವರನ್ನು ಹಚ್ಚಿದ. ಅವರಿಗೆ ಸಿಗಲಿಲ್ಲ.

ಈಗ ಅವಳು ಅಣ್ಣಾ ಅನ್ನುತ್ತಿರಲಿಲ್ಲ.

"ಹೊರಗೆ ಕೂತಿರೋದು ಯಾರು?"

"ನನ್ನ ಹೆಂಡತಿ."

"ಅವಳಿಗೆ ಗೊತ್ತಾ, ನೀನು ಯಾರು ಅಂತ?"

ನಾನು ಇಲ್ಲಿಗೆ ಬಂದಿರುವುದು ಇನ್ನೂ ಯಾರಿಗೆ ಗೊತ್ತು ಅಂತ ಕೇಳಿದಳು. ಧಣಿಯ ಜನ ದಡದಲ್ಲಿ ಕಾಯುತ್ತಿದ್ದಾರಾ ಅಂತ ಕೇಳಿದಳು. ಇಲ್ಲ ಅಂದೆ. ಆಣೆ ಮಾಡಿದೆ. ಹೊಟ್ಟೆಪಾಡಿಗೆ ಅಂತ ಹತ್ತಾರು ವರ್ಷ ಸುಳ್ಳು ಹೇಳಿದವನು ನಾನು, ಎಲ್ಲರೂ ನಂಬಿದ್ದರು. ಜೀವ ಉಳಿಸಿಕೊಳ್ಳಲು ನಿಜ ಹೇಳಿದರೆ ನಂಬುವವರಿಲ್ಲ!

ಚಾಕು ಇಳಿಯಿತು.

ಕಿರುಬೆರಳು. ಮೇಲಿನ ಗೆಣ್ಣಿಗೆ ಸರಿಯಾಗಿ. ಕೈ ಅಲುಗಲಿಲ್ಲ ಅವಳದು. ತುಂಡು ಹಲಗೆಯಿಂದ ಉರುಳಿ ಮೀನಿನ ತಲೆಗಳ ಬುಟ್ಟಿಗೆ ಬಿತ್ತು. ನಾನು ಅರಚಿದೆ.

ಪರದೆ ಸರಿಯಿತು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಚಮಚ ಹಾಗೇ ಇತ್ತು. ದೋಣಿಯವನು ಅತ್ತ ತಿರುಗಿದ. ಹಿಡಿತ ಕೂದಲೆಳೆಯಷ್ಟು ಸಡಿಲಾಯಿತು. ನನಗೆ ಅಷ್ಟೇ ಬೇಕಿದ್ದದ್ದು. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಬಲಗೈಯಲ್ಲಿ ಬಾಣಲೆ ಎತ್ತಿ ಅವನ ತೊಡೆಗೆ ಸುರಿದೆ.

ಹೆಂಡತಿಯ ಹತ್ತಿರ ಹೋಗಬೇಕೆಂದರೆ ಅಡುಗೆಯವಳನ್ನು ದಾಟಬೇಕಿತ್ತು. ಹಿಂಬಾಗಿಲು ಎರಡೇ ಹೆಜ್ಜೆ.

ಹಿಂಬಾಗಿಲಿನಿಂದ ಓಡಿದೆ.

ಬಂಡೆಯ ಮೇಲೆ ಪಾಚಿ. ಎರಡು ಸಲ ಜಾರಿದೆ, ಮೊಣಕಾಲಿನ ಚರ್ಮ ಕಿತ್ತುಹೋಯಿತು. ಹಿಂದೆ ದೋಣಿಯವನ ಉಸಿರು... ಕಾಲು ಬೆಂದಿದ್ದರೂ ಬರುತ್ತಿದ್ದ ಆಸಾಮಿ! ದೋಣಿಯ ಹಗ್ಗ ಕಬ್ಬಿಣದ ಗೂಟಕ್ಕೆ ಬಿಗಿದಿತ್ತು. ರಕ್ತ ಸುರಿಯುವ ಕೈಗೆ ಗಂಟು ಬಿಚ್ಚಲು ಬರಲಿಲ್ಲ. ಹಲ್ಲಿನಿಂದ ಎಳೆದು ಬಿಚ್ಚಿದೆ. ಒಳಗೆ ಹಾರಿ ಮೋಟಾರಿನ ದಾರ ಎಳೆದೆ. ಕೆಮ್ಮಿತು. ಇನ್ನೊಂದು ಸಲ ಎಳೆದೆ. ಅಷ್ಟರಲ್ಲಿ ಅವನು ಸೊಂಟದವರೆಗೆ ನೀರಿಗಿಳಿದು ದೋಣಿಯ ಅಂಚು ಹಿಡಿದಿದ್ದ. ನಾನು ಹುಟ್ಟು ಎತ್ತಿ ಅವನ ಬೆರಳುಗಳ ಮೇಲೆ ಹೊಡೆದೆ.

ಆ ಸದ್ದು ನನಗೆ ಪರಿಚಯದ್ದು.

ಮೂರನೆಯ ಎಳೆತಕ್ಕೆ ಮೋಟಾರು ಹಿಡಿಯಿತು. ಹತ್ತು ಮಾರು ದೂರ ಹೋಗಿ ತಿರುಗಿಸಿ ನಿಲ್ಲಿಸಿದೆ. ಹೆಂಡತಿ ಬಂಡೆಯ ತುದಿಗೆ ಬಂದಿದ್ದಳು. ಪಕ್ಕದಲ್ಲಿ ಅಡುಗೆಯವಳು. ಚಾಕು ಎಲ್ಲೂ ಕಾಣಲಿಲ್ಲ. ಸೊಟ್ಟ ಬೆರಳಿನ ಕೈಯನ್ನು ಹೆಂಡತಿಯ ಮುಂದೆ ಹಿಡಿದು ಏನೋ ಹೇಳುತ್ತಿದ್ದಳು. ತುಂಬ ಹೊತ್ತು ಹಿಡಿಯಲಿಲ್ಲ ಆ ಮಾತು.

ನೀರಿಗೆ ಹಾರು, ಹತ್ತಿಸಿಕೊಳ್ಳುತ್ತೇನೆ ಅಂತ ಕೂಗಿದೆ. ಅವಳು ಅಲುಗಾಡಲಿಲ್ಲ.

"ಇವಳು ಹೇಳ್ತಿರೋದು ನಿಜಾನಾ?"

"ಅದು ಕೆಲಸ. ಬಾ ಮೊದಲು."

"ಬಾಗಿಲು ಹಾಕಿದ್ದು ಯಾರು, ನೀವಾ?"

"ನಾನಲ್ಲ, ಅವಳ ಗಂಡ."

"ಆಗ ನೀವೇನ್ ಮಾಡ್ತಿದ್ರಿ?"

ಮೋಟಾರಿನ ಸದ್ದಿನಲ್ಲಿ ಕೇಳಿಸಲಿಲ್ಲ ಅನ್ನುವ ಹಾಗೆ ಕಿವಿಯ ಹತ್ತಿರ ಕೈ ಹಿಡಿದೆ. ಅವಳು ಇನ್ನೊಂದು ಸಲ ಕೇಳಲಿಲ್ಲ. ನೀರಿಗಿಳಿದು ದೋಣಿಯವನ ತೋಳಿಗೆ ಹೆಗಲು ಕೊಟ್ಟು ಮೇಲಕ್ಕೆ ಕರೆದುಕೊಂಡು ಹೋದಳು. ತಿರುಗಿ ನೋಡಲಿಲ್ಲ.

ದಡದ ಕ್ಲಿನಿಕ್ಕಿನಲ್ಲಿ ನರ್ಸ್ ಐದು ಹೊಲಿಗೆ ಹಾಕಿದಳು. ಅವಳು ಹೊಲಿಯುತ್ತಿದ್ದಾಗಲೇ ನಾನು ಇನ್ನೊಂದು ಕೈಯಲ್ಲಿ ಫೋನ್ ತೆಗೆದೆ. ಮೈಯೆಲ್ಲ ಉರಿಯುತ್ತಿತ್ತು. ಬೆರಳಿಗಿಂತ ಜಾಸ್ತಿ ಉರಿಯುತ್ತಿದ್ದದ್ದು ಆ ಬೆನ್ನು... ತಿರುಗದೆ ಹೋದ ಬೆನ್ನು.

ನಿಮ್ಮ ಹೆಂಡತಿ ಸಿಕ್ಕಳು ಅಂದೆ.

ಧಣಿ ಕೇಳಿದ, "ಜೀವ ಇದೆಯಾ?"

"ಇದೆ."

"ಒಳ್ಳೇದಾಯ್ತು."

ಆ ದನಿ ಕೇಳಿ ಫೋನ್ ಇಟ್ಟ ಮೇಲೆ ಹೊಳೆಯಿತು. ನನ್ನವಳೂ ಅಲ್ಲೇ ಇದ್ದಾಳೆ. ಧಣಿ ಬರುವುದು ಬೆಳಗ್ಗೆ. ಅವನಿಗಿಂತ ಮೊದಲು ಹೋಗಿ ಅವಳನ್ನು ಕರೆತರಬಹುದಿತ್ತು. ದೋಣಿ ಇತ್ತು, ಪೆಟ್ರೋಲ್ ಇತ್ತು, ಬೆಳಕೂ ಇತ್ತು. ನೋವಿನ ಮಾತ್ರೆ ನುಂಗಿ ಮಲಗಿಬಿಟ್ಟೆ. ನೀವು ನನ್ನನ್ನು ಏನು ಬೇಕಾದರೂ ಅನ್ನಿ.

ಬೆಳಗ್ಗೆ ಧಣಿ, ಅವನ ಇಬ್ಬರು ಜನ, ನಾನು. ಬಂಡೆಗಳ ಸಂದಿಗೆ ನುಗ್ಗಿದಾಗ ಒಲೆ ತಣ್ಣಗಿತ್ತು. ಪಾತ್ರೆಗಳಿಲ್ಲ, ಬಟ್ಟೆಗಳಿಲ್ಲ, ಜನವಿಲ್ಲ. ಸಂಜೆ ಮರಳುವ ಯಾವುದೋ ಮೀನಿನ ದೋಣಿ ಮೂವರನ್ನೂ ಹತ್ತಿಸಿಕೊಂಡಿರಬೇಕು. ನಾವು ಕೂತಿದ್ದ ಮೇಜಿನ ಮೇಲೆ ತೊಳೆದ ತಟ್ಟೆ. ತಟ್ಟೆಯಲ್ಲಿ ನನ್ನ ಹೆಂಡತಿಯ ಫೋನು. ಪಕ್ಕದಲ್ಲಿ ಸಿಮ್, ಎರಡು ತುಂಡು.

ಧಣಿ ಅದನ್ನು ನೋಡಿದ, ನನ್ನನ್ನು ನೋಡಿದ.

"ಇಬ್ರನ್ನೂ ಹುಡುಕು," ಅಂದ. "ನನ್ನ ಹೆಂಡ್ತಿನ ಬಚ್ಚಿಟ್ಟವಳು ಯಾರಾದ್ರೂ ನನಗೆ ಒಂದೇ."

ಬೇಡ ಅನ್ನಲು ಬಾಯಿ ತೆರೆದೆ. ಅವನ ಇಬ್ಬರು ಜನ ನನ್ನ ಎರಡೂ ಕಡೆ ಬಂದು ನಿಂತರು. ಬಾಯಿ ಮುಚ್ಚಿದೆ.

ಇವತ್ತಿಗೆ ಒಂದೂವರೆ ವರ್ಷ. ಓಡಿಹೋದವರು ತಪ್ಪು ಮಾಡಿಯೇ ಮಾಡುತ್ತಾರೆ, ಅದೇ ನನ್ನ ಬಂಡವಾಳ. ಒಡಹುಟ್ಟಿದವರ ಹುಟ್ಟುಹಬ್ಬಕ್ಕೆ ಫೋನ್ ಮಾಡುತ್ತಾರೆ. ಹಳೆಯ ಡಾಕ್ಟರ ಚೀಟಿ ಹಿಡಿದು ಅದೇ ಮಾತ್ರೆ ಕೊಳ್ಳುತ್ತಾರೆ. ಗೊತ್ತಿರುವ ಊರಿನ ಪಕ್ಕದ ಊರಿನಲ್ಲೇ ಮನೆ ಮಾಡುತ್ತಾರೆ. ನನ್ನವಳ ತಂಗಿಯ ಮನೆ ಮುಂದೆ ಎರಡು ತಿಂಗಳು ಕಾರಿನಲ್ಲಿ ಕೂತೆ. ಔಷಧಿ ಅಂಗಡಿಗಳನ್ನೆಲ್ಲ ಜಾಲಾಡಿದೆ. ಒಂದು ಕರೆ ಇಲ್ಲ, ಒಂದು ಕಾಗದ ಇಲ್ಲ, ಒಂದು ತಪ್ಪಿಲ್ಲ.

ಎಲ್ಲಿಂದ ಬರಬೇಕು ತಪ್ಪು? ಹದಿನಾಲ್ಕು ವರ್ಷ ಪ್ರತಿ ರಾತ್ರಿ ಊಟಕ್ಕೆ ಕೂತಾಗ, ಯಾರು ಹೇಗೆ ಸಿಕ್ಕಿಬಿದ್ದರು ಅಂತ ಒಂದೂ ಬಿಡದೆ ಜಂಬ ಕೊಚ್ಚಿದವನು ನಾನೇ. ಅವಳು ಹೂಂ ಅನ್ನುತ್ತಾ ಬಡಿಸುತ್ತಿದ್ದಳು.

ಕೇಳಿಸಿಕೊಳ್ಳುತ್ತಿಲ್ಲ ಅಂದುಕೊಂಡಿದ್ದೆ.