ಮೂವತ್ತೊಂಬತ್ತು ಫೋನು, ಒಂದೇ ಕೈ

ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ಮೂವತ್ತೊಂಬತ್ತು ಹೆಂಗಸರ ಫೋನುಗಳು ಒಟ್ಟಿಗೇ ಬೀಗ ಹಾಕಿಕೊಂಡದ್ದು 2061ರ ಒಂದು ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ. ಮಧ್ಯಾಹ್ನದೊಳಗೆ ಅವರಲ್ಲೊಬ್ಬಳಾದ ಫಕ್ಕೀರವ್ವನನ್ನು ಕಳವಿನ ಸಂಶಯದ ಮೇಲೆ ಠಾಣೆಗೆ ಕರೆತಂದು ಕೂರಿಸಿದ್ದರು.

ಸುದ್ದಿ ಕೇಳಿದ ವಿಜ್ಞಾನಿ ಗಂಗೋತ್ರಿ ಮುಳಗುಂದ ಧಾರವಾಡದಿಂದ ಊಟ ಬಿಟ್ಟು ಠಾಣೆಗೆ ಓಡಿಬಂದಳು. ಬಾರದೆ ಏನು ಮಾಡಿಯಾಳು? ಬೀಗ ಹಾಕಿದ್ದು ಅವಳದೇ ಕೂಸು. ದೊಡ್ಡ ಕಂಪನಿಗಳ ಹಂಗಿಲ್ಲದೆ ಹನ್ನೊಂದು ವರ್ಷ ಒದ್ದಾಡಿ ಕಟ್ಟಿದ ಕಾರ್ಯಾಚರಣೆ ವ್ಯವಸ್ಥೆ, ಅಂದರೆ ಫೋನನ್ನು ಒಳಗಿನಿಂದ ನಡೆಸುವ ಮೂಲ ತಂತ್ರಾಂಶ, ಹೆಸರು ‘ಗುರುತು’. ಅದಕ್ಕೆ ಗುಪ್ತಸಂಖ್ಯೆ ಬೇಡ, ಮುಖ ಬೇಡ. ಮೊದಲ ಏಳು ದಿನ ತನ್ನನ್ನು ಹಿಡಿದ ಕೈಯ ಒತ್ತಡ, ನಡುಕ, ಬೆರಳು ಜಾರುವ ವೇಗ ಎಲ್ಲ ಕಲಿತು, ಆಮೇಲೆ ಆ ಕೈಗಷ್ಟೇ ಬ್ಯಾಂಕ್ ಖಾತೆ ತೆರೆಯುತ್ತಿತ್ತು. ಇಂಥ ಕೈಯನ್ನು ಯಾವ ಕಳ್ಳ ನಕಲು ಮಾಡಿಯಾನು ಎಂದು ಒಂದು ಬ್ಯಾಂಕು ಒಪ್ಪಿ, ಪರೀಕ್ಷೆಗೆ ಈ ಗೋದಾಮನ್ನು ಆರಿಸಿತ್ತು. ಈಗ ನೋಡಿದರೆ ಎಲ್ಲ ಖಾತೆಗಳನ್ನೂ ತೆರೆದ ಕೈ ಒಂದೇ ಎಂದು ಕಂಡು ಅದೇ ಬೀಗ ಜಡಿದಿತ್ತು!

“ಅಕ್ಕಾರ, ಖರೇ ಹೇಳ್ರಿ. ಎಲ್ಲಾರ ಫೋನೂ ನೀವ ಒತ್ತಿದ್ರೇನು?” ಎಂದು ಗಂಗೋತ್ರಿ ಕೇಳಿದಳು.

“ಹೂಂನ್ರಿ ಮತ್ತ!” ಫಕ್ಕೀರವ್ವ ಸಿಡಿದಳು. “ಅವರೆಲ್ಲಾ ತೊಟ್ಟು ಬಿಡಸಾಕತ್ತಿರ್ತಾರ, ಕೈ ತುಂಬ ಖಾರ. ಆ ಕೈಲೆ ಫೋನ್ ಮುಟ್ಟಿ ಕಿವಿಗಿಟ್ರ ಮುಗೀತು. ನಾ ತೂಕದಾಕಿ, ನನ್ನ ಕೈ ಸ್ವಚ್ಛ. ‘ಯಕ್ಕಾ, ನಂದೊಂದೀಟು ಒತ್ತಬೇ’ ಅಂತಾರ, ಒತ್ತತೀನಿ. ಅದ್ರಾಗ ಕಳವು ಎಲ್ಲಿ ಬಂತು?”

ಗಂಗೋತ್ರಿಗೆ ಈಗ ತಿಳಿಯಿತು. ಕಲಿಯುವ ಆ ಏಳು ದಿನವೂ ಹಾಗೇ ನಡೆದಿದೆ! ಪ್ರತಿಯೊಂದು ಫೋನೂ ಫಕ್ಕೀರವ್ವನನ್ನೇ ಒಡತಿಯೆಂದು ನಂಬಿಬಿಟ್ಟಿದೆ. ಅಯ್ಯೋ, ಒಂದು ದಿನವಾದರೂ ಆ ಗೋದಾಮಿನಲ್ಲಿ ಬಂದು ಕೂರಬಾರದಿತ್ತೇ ಎಂದು ತನ್ನನ್ನೇ ಬೈದುಕೊಂಡಳು.

ಬ್ಯಾಂಕಿನ ಅಧಿಕಾರಿ ಬಣಕಾರ ನಿಂತಲ್ಲಿ ನಿಲ್ಲುತ್ತಿರಲಿಲ್ಲ. “ಮೇಡಂ, ನಿಮ್ಮ ಗುರುತು ಸರಿ ಅಂದ್ರ ಈಕಿ ಕಳ್ಳಿ. ಈಕಿ ಕಳ್ಳಿ ಅಲ್ಲಂದ್ರ ನಿಮ್ಮ ಗುರುತು ತಪ್ಪು. ತಪ್ಪು ಅಂತ ಬರದುಕೊಟ್ರ ಮುಂದ ಯಾವ ಬ್ಯಾಂಕೂ ಅದನ್ನ ಮುಟ್ಟಂಗಿಲ್ಲ. ಲಗೂ ಹೇಳ್ರಿ.”

ಒಂದು ವಾರ ಕೊಡಿ, ಸರಿಪಡಿಸುತ್ತೇನೆ ಎನ್ನಬಹುದಿತ್ತು. ಆ ವಾರವಿಡೀ ಫಕ್ಕೀರವ್ವ ಎಲ್ಲಿರಬೇಕು?

“ತರ್ರಿ ಕಾಗದ,” ಎಂದಳು ಗಂಗೋತ್ರಿ.

ಸಹಿ ಬಿದ್ದ ಕಾಗದ ಒಂದು ಕೈಯಲ್ಲಿ, ಚಹಾ ಇನ್ನೊಂದರಲ್ಲಿ, ಬಣಕಾರ ಕಿಸೆಯತ್ತ ಗದ್ದ ತೋರಿಸಿ ಪೇದೆಗೆ ಹೇಳಿದ, “ನನ್ನ ಫೋನ್ ತಗೋರಿ, ಇದರ ಫೋಟೋ ಹೊಡದು ಮ್ಯಾಲಿನ ಆಫೀಸಿಗೆ ಕಳಸ್ರಿ. ನಂಬರು ನಾಲ್ಕು, ಒಂಬತ್ತು, ಏಳು, ಏಳು.” ಅವನದು ಗುಪ್ತಸಂಖ್ಯೆಯ ಹಳೆಯ ಕಾಲದ ಫೋನು. ಠಾಣೆಗೆ ಠಾಣೆಯೇ ಕೇಳಿಸಿಕೊಂಡಿತು, ಯಾರಿಗೂ ಏನೂ ಅನ್ನಿಸಲಿಲ್ಲ.

ಫಕ್ಕೀರವ್ವನನ್ನು ಬಿಟ್ಟರು. ಹೊರಗೆ ಹೆಂಗಸರು ಕೆಲಸ ಬಿಟ್ಟು ಬಂದು ನಿಂತಿದ್ದರು. ಬ್ಯಾಂಕಿನವರು ಫೋನುಗಳ ಬೀಗ ತೆರೆಸಿದರೆಂದು ತಿಳಿದದ್ದೇ ಒಬ್ಬಳು ಸೆರಗಿನಲ್ಲಿ ಸುತ್ತಿದ ಫೋನನ್ನು ಮುಂದೆ ಹಿಡಿದಳು. “ಯಕ್ಕಾ, ಮಗಳ ಫೀ ಇವತ್ತ ಕಡೀ ದಿನ. ಒಂದೀಟು ಒತ್ತಬೇ.”

ಫಕ್ಕೀರವ್ವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

“ಒಲ್ಲೆವಾ. ನಿಂದು ನೀನ ಒತ್ಕೊ.”

ಆ ಹೆಂಗಸಿಗೆ ಅರ್ಥವಾಗಲಿಲ್ಲ. ಅತ್ತಿತ್ತ ನೋಡಿ, ಗಂಗೋತ್ರಿಯತ್ತ ಫೋನು ಚಾಚಿದಳು. “ನೀವರ ಒತ್ರಿ, ಬಾಯಾರ.”

ಗಂಗೋತ್ರಿ ಕೈ ಮುಂದೆ ಮಾಡಿದಳು, ಆದರೆ ಮುಟ್ಟಲು ಅವಳಿಗೂ ಧೈರ್ಯ ಬರಲಿಲ್ಲ.