ಶಿವಕಾಂತಮ್ಮನ ವಸಡಿನ ಗೆರೆ

ವಾಡಿಯ ಸ್ಟೇಶನ್ ರಸ್ತೆಯ ಹಲ್ಲಿನ ದವಾಖಾನೆಗೆ ಕಾಶಪ್ಪ ಬಂದಾಗ ಬೆಳಗಿನ ಒಂಬತ್ತೂ ಆಗಿರಲಿಲ್ಲ. ಹಲ್ಲು ನೋವೇ ಎಂದು ನರ್ಸ್ ಉಮಾದೇವಿ ಕೇಳಿದಳು. ಆತ ಇಲ್ಲವೆಂದು ತಲೆಯಾಡಿಸಿ, ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡ. ಹನ್ನೊಂದು ವರ್ಷದ ನೌಕರಿಯಲ್ಲಿ ಅವಳು ಎಷ್ಟೋ ಜನ ಅಳುವುದನ್ನು ಕಂಡಿದ್ದಳು. ಇಷ್ಟು ಸದ್ದಿಲ್ಲದೆ ಅಳುವ ಗಂಡಸನ್ನು ಕಂಡಿರಲಿಲ್ಲ.

ಡಾಕ್ಟರ್ ರಮಾಬಾಯಿಯ ಬಳಿಗೆ ಹಲ್ಲಿನ ಕೆಲಸವಿಲ್ಲದವರೂ ಬರುತ್ತಿದ್ದರು. ಎರಡು ವರ್ಷದ ಹಿಂದೆ ರಾವೂರಿನ ಪಾಳುಬಿದ್ದ ಕಲ್ಲಿನ ಗಣಿಯಲ್ಲಿ ಸಿಕ್ಕ ಗುರುತಿಲ್ಲದ ಹೆಣ ಯಾರದೆಂದು ಅವರು ಬರೀ ದವಡೆ ನೋಡಿ ಹೇಳಿದ್ದರು. ಅಂದಿನಿಂದ ಪೊಲೀಸರೂ ಅವರ ಮಾತಿಗೆ ಕಿವಿಗೊಡುತ್ತಿದ್ದರು.

ಕಾಶಪ್ಪ ದಂಡೋತಿಯವನು. ಮಗಳು ಭಾಗ್ಯಜ್ಯೋತಿಯನ್ನು ಶಹಾಬಾದಿನ ಮಲ್ಲುಗೆ ಕೊಟ್ಟು ಎರಡು ವರ್ಷವಾಗಿತ್ತು. ಅವಳ ಅತ್ತೆ ಶಿವಕಾಂತಮ್ಮನಿಗೆ ನಾಲ್ಕು ತಿಂಗಳಿಂದ ಹೊಟ್ಟೆನೋವು, ವಾಂತಿ. ಮೂರು ದಿನದ ಹಿಂದೆ ಸೆಳೆತ ಬಂದು ಶಹಾಬಾದಿನ ಆಸ್ಪತ್ರೆ ಸೇರಿದ್ದಳು. ಸೊಸೆಯೇ ಅನ್ನದಲ್ಲಿ ವಿಷ ಬೆರೆಸಿದ್ದಾಳೆಂದು ಶಿವಕಾಂತಮ್ಮನ ತಮ್ಮ ರೇವಣಸಿದ್ದ ದೂರು ಕೊಟ್ಟಿದ್ದ. ಹುಡುಕಿದಾಗ ಅಡುಗೆಮನೆಯ ಅಟ್ಟದಲ್ಲಿ ಇಲಿಪಾಷಾಣದ ಪೊಟ್ಟಣ ಸಿಕ್ಕಿತು. ಸಂಜೆ ಬಂದು ಭಾಗ್ಯಜ್ಯೋತಿಯನ್ನು ಕರೆದೊಯ್ಯುವುದಾಗಿ ಪಿಎಸ್‌ಐ ಹೇಳಿ ಹೋಗಿದ್ದ.

"ಮೂರು ದಿನ ಆತ್ರಿ ಬಾಯಿಯವ್ರ, ನನ್ನ ಮಗಳು ಒಂದು ತುತ್ತು ಉಂಡಿಲ್ಲ," ಎಂದ ಕಾಶಪ್ಪ. "ಗ್ವಾಡಿಗಿ ಮಾರಿ ಮಾಡಿ ಕುಂತಾಳ. ಆಕಿ ಕೈಬಿಟ್ಟು ಹೋಗ್ತಾಳ ಅಂತ ನನಗ ಅಂಜಿಕಿ ಆಗ್ಲಿಕತ್ತದ."

ರಮಾಬಾಯಿ ಆ ದಿನದ ರೋಗಿಗಳನ್ನೆಲ್ಲ ಮರುದಿನಕ್ಕೆ ಬರಹೇಳಿದರು.

ಆಸ್ಪತ್ರೆಯಲ್ಲಿ ಶಿವಕಾಂತಮ್ಮ ಬೂದಿಬಣ್ಣಕ್ಕೆ ತಿರುಗಿ ಮಲಗಿದ್ದಳು. ರಮಾಬಾಯಿ ಅವಳ ತುಟಿ ಎತ್ತಿ ಟಾರ್ಚ್ ಹಿಡಿದರು. ಉಮಾದೇವಿಯೂ ಬಗ್ಗಿ ನೋಡಿದಳು. ಹಿಂದಿನ ಹಲ್ಲುಗಳಲ್ಲಿ ಎಲೆಯಡಿಕೆಯ ಹಳೇ ಕೆಂಪು ಉಳಿದಿತ್ತು. ಮುಂದಿನವುಗಳಲ್ಲಿ ಕೆಂಪು ಹೋಗಿತ್ತು, ಆದರೆ ಹೊಳಪೂ ಹೋಗಿತ್ತು. ಅಂಚು ಗಾಜಿನಂತೆ ತೆಳ್ಳಗಾಗಿ ಒಳಗಿನ ಹಳದಿ ಇಣುಕುತ್ತಿತ್ತು. ವಸಡಿನ ಅಂಚಿನುದ್ದಕ್ಕೂ, ಸೀಸದಕಡ್ಡಿಯಿಂದ ಎಳೆದಂತೆ, ನೀಲಿಗಪ್ಪು ಗೆರೆಯೊಂದಿತ್ತು.

ರಮಾಬಾಯಿ ಮೆಲ್ಲಗೆ ವಿಚಾರಿಸಿದಾಗ ಶಿವಕಾಂತಮ್ಮ ತಡವರಿಸುತ್ತ ಹೇಳಿದಳು. ಚಿಂಚೋಳಿಯ ಒಂದು ಮದುವೆಯ ಫೋಟೋದಲ್ಲಿ ತನ್ನ ಕೆಂಪು ಹಲ್ಲು ಕಂಡು ಎಲ್ಲರೂ ನಕ್ಕರು. ಅಂದೇ ಎಲೆಯಡಿಕೆ ಬಿಟ್ಟಳು. ಮೊಬೈಲಿನ ವಿಡಿಯೋ ನೋಡಿ, ಹಲ್ಲು ಬೆಳ್ಳಗಾಗಲೆಂದು ದಿನಾ ನಸುಕಿನಲ್ಲಿ ಬರಿಹೊಟ್ಟೆಗೆ ನಿಂಬೆನೀರು ಬಾಯಲ್ಲಿ ಆಡಿಸಿ ಕುಡಿಯತೊಡಗಿದಳು. ಅಷ್ಟು ಹೇಳುವುದರಲ್ಲೇ ಔಷಧದ ಜೊಂಪು ಅವಳನ್ನು ಎಳೆದೊಯ್ದಿತು. ರಮಾಬಾಯಿ ಡ್ಯೂಟಿ ಡಾಕ್ಟರನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಆತ ಕೂಡಲೇ ಇನ್ನೊಂದು ಸಲ ರಕ್ತ ತೆಗೆಸಿ ಕಲಬುರಗಿಗೆ ಕಳಿಸಿದ.

ಮಲ್ಲುವಿನ ಮನೆಯ ಪಡಸಾಲೆಯಲ್ಲಿ ರೇವಣಸಿದ್ದ ಕುಳಿತಿದ್ದ. ಅವನ ಬಿಳಿ ಅಂಗಿಯ ಹೊಟ್ಟೆಯ ಮೇಲೆ ಸಾಸಿವೆಯಷ್ಟು ಚಿಕ್ಕ ತೂತುಗಳಿದ್ದವು. ಪೊಲೀಸರ ಕೆಲಸದಲ್ಲಿ ಹಲ್ಲಿನ ಡಾಕ್ಟರಿಗೇನು ಕೆಲಸ ಎಂದು ಗೊಣಗಿದ. ರಮಾಬಾಯಿ ಮಲ್ಲುವಿನ, ಭಾಗ್ಯಜ್ಯೋತಿಯ ಬಾಯಿ ತೆರೆಸಿ ನೋಡಿದರು. ಇಬ್ಬರ ವಸಡೂ ಸ್ವಚ್ಛವಾಗಿತ್ತು. ಮನೆಯಲ್ಲಿ ಎಲ್ಲರೂ ಒಂದೇ ಪಾತ್ರೆಯ ಪುಂಡಿಪಲ್ಯ, ರೊಟ್ಟಿ, ಮಜ್ಜಿಗೆ ಉಣ್ಣುತ್ತಿದ್ದರಂತೆ. ನಿಂಬೆನೀರಿನ ಹಿತ್ತಾಳೆ ತಂಬಿಗೆ ಮಾತ್ರ ದೇವರ ಗೂಡಿನಲ್ಲಿತ್ತು; ಬೇರೆಯವರು ಅದನ್ನು ಮುಟ್ಟುವಂತಿರಲಿಲ್ಲ. ಶಿವಕಾಂತಮ್ಮ ರಾತ್ರಿ ಅದರಲ್ಲಿ ನಿಂಬೆ ಹಿಂಡಿಟ್ಟು ಬೆಳಿಗ್ಗೆ ಕುಡಿಯುತ್ತಿದ್ದಳು. ಅದಕ್ಕೆ ಸೇಡಂನಲ್ಲಿ ಹೊಸ ಕಲಾಯಿ ಹಾಕಿಸಿದ್ದೆಂದಷ್ಟೇ ಭಾಗ್ಯಜ್ಯೋತಿಗೆ ಗೊತ್ತಿತ್ತು.

ರಮಾಬಾಯಿ ತಂಬಿಗೆಯ ಬಾಯೊಳಗೆ ಬೆರಳಾಡಿಸಿದರು. "ಉಮಾ, ನೀ ಈ ಹುಡುಗಿ ಹತ್ರ ಇರು. ಒಬ್ಬಾಕಿನ್ನ ಬಿಡಬ್ಯಾಡ," ಎಂದು ಹೇಳಿ, ತಂಬಿಗೆಯನ್ನು ಚೀಲಕ್ಕೆ ಹಾಕಿಕೊಂಡು ಸೇಡಂ ಕಡೆ ಹೊರಟರು.

ಆ ಮಧ್ಯಾಹ್ನ ಉಮಾದೇವಿಗೆ ಬಹಳ ಉದ್ದವಾಯಿತು. ಅಂಗಳಕ್ಕೆ ಬಂದ ಹೆಂಗಸರು ಕಿಟಕಿಯಲ್ಲಿ ಇಣುಕಿ ಹೋಗುತ್ತಿದ್ದರು. ಅವಳು ರೊಟ್ಟಿಯನ್ನು ಹಾಲಲ್ಲಿ ಮುರಿದು ಮುಂದಿಟ್ಟರೂ ಭಾಗ್ಯಜ್ಯೋತಿ ಮುಟ್ಟಲಿಲ್ಲ. ಗೋಡೆಯನ್ನೇ ನೋಡುತ್ತ ಬಾಯಿಬಿಟ್ಟಳು.

"ಮಂದಿ ಅಂದದ್ದು ಬಿಡ್ರಿ ಅಕ್ಕ. ನಮ್ಮ ಮನಿಯವ್ರೂ ಕೇಳಿದ್ರು, ಏನರ ಹಾಕಿದ್ದಿ ಏನು ಅಂತ. ಇನ್ನ ಯಾರಿಗಂತ ಹೇಳಲಿ?"

ಉಮಾದೇವಿ ಅವಳ ಕೈ ಹಿಡಿದು ಕೂತಳು. ಆ ಕೈ ತಣ್ಣಗಿತ್ತು. ರಮಾಬಾಯಿ ಬರಿಗೈಯಲ್ಲಿ ಬಂದರೆ ಈ ಹುಡುಗಿ ನಾಳೆಯವರೆಗೆ ಉಳಿಯುವಳೇ ಎಂಬ ಭಯ ಅವಳನ್ನು ಕೊರೆಯುತ್ತಿತ್ತು.

ಐದಕ್ಕೆ ಪಿಎಸ್‌ಐ ಒಬ್ಬ ಮಹಿಳಾ ಪೇದೆಯೊಂದಿಗೆ ಬಂದ. ಪೇದೆ ಭಾಗ್ಯಜ್ಯೋತಿಯ ತೋಳಿಗೆ ಕೈಹಾಕುವ ಹೊತ್ತಿಗೆ ರಮಾಬಾಯಿಯ ಕಾರು ನಿಂತಿತು. ಅವರೊಂದಿಗೆ ಬಿಳಿಗಡ್ಡದ ಮುದುಕನೊಬ್ಬ ಇಳಿದ. ಸೇಡಂ ಬಜಾರಿನಲ್ಲಿ ಇನ್ನೂ ಕಲಾಯಿ ಹಾಕುವ ಒಬ್ಬನೇ ಒಬ್ಬ, ಫಕೀರಸಾಬ. ಅವನನ್ನು ಕಂಡು ರೇವಣಸಿದ್ದ ಎದ್ದು ಬಾಗಿಲ ಕಡೆ ನಡೆದ. ಪಿಎಸ್‌ಐ ಕೈ ಅಡ್ಡ ಹಿಡಿದು ಕೂರಿಸಿದ.

ಎಲ್ಲರೂ ಪಡಸಾಲೆಯಲ್ಲಿ ಕುಳಿತ ಮೇಲೆ ರಮಾಬಾಯಿ ಮಾತು ಶುರುಮಾಡಿದರು. ಇಲಿಪಾಷಾಣ ತಿಂದವರು ನಾಲ್ಕು ತಿಂಗಳು ನರಳುವುದಿಲ್ಲ, ಅದರಿಂದ ವಸಡಿನಲ್ಲಿ ಗೆರೆ ಮೂಡುವುದೂ ಇಲ್ಲ. ಆ ನೀಲಿಗಪ್ಪು ಗೆರೆ ಮೈಯಲ್ಲಿ ಸೀಸ ಸೇರಿದ್ದರ ಗುರುತು. ಈಗಷ್ಟೇ ಫೋನಿನಲ್ಲಿ ಬಂದ ರಕ್ತದ ವರದಿಯೂ ಅದನ್ನೇ ಹೇಳಿತ್ತು. ಒಂದೇ ಪಾತ್ರೆಯಲ್ಲಿ ಉಂಡ ಉಳಿದಿಬ್ಬರ ವಸಡು ಸ್ವಚ್ಛವಾಗಿದ್ದುದರಿಂದ ವಿಷ ಊಟದಲ್ಲಿರಲಿಲ್ಲ. ಶಿವಕಾಂತಮ್ಮನ ಬಾಯಿಗೆ ಮಾತ್ರ ಹೋಗುವ ವಸ್ತುವಿನಲ್ಲಿತ್ತು.

"ಹಲ್ಲೇ ನನಗ ದಾರಿ ತೋರಿಸ್ದವು," ಎಂದರು ಅವರು. "ಹುಳಿ ದಿನಾ ತಾಕಿದ್ರ ಹಲ್ಲಿನ ಮ್ಯಾಲಿನ ಪದರು ಕರಗ್ತದ. ಕಲೆ ಹೋಗಿ ಬೆಳ್ಳಗಾತು ಅಂತ ಮಂದಿ ತಿಳೀತಾರ, ಖರೇ ಅಂದ್ರ ಹಲ್ಲೇ ಹೋಗ್ಲಿಕತ್ತಿರ್ತದ. ಆ ಹುಳಿನೇ ರಾತ್ರಿಯೆಲ್ಲಾ ತಂಬಗಿಯೊಳಗಿನ ಸೀಸಾನೂ ಕರಗಿಸ್ತು."

ಬಿಳಿ ಕಾಗದವನ್ನು ಸುರುಳಿ ಮಾಡಿ ತಂಬಿಗೆಯೊಳಗೆ ಉಜ್ಜಿದರು. ಕಾಗದದ ಮೇಲೆ ಕಡುಬೂದು ಗೆರೆಗಳು ಮೂಡಿದವು. ಫಕೀರಸಾಬ ತಾನೇ ತವರದ ಕಲಾಯಿ ಹಾಕಿ ಜೊತೆಗೆ ತಂದಿದ್ದ ಬೋಗುಣಿಯಲ್ಲಿ ಉಜ್ಜಿದಾಗ ಕಾಗದ ಹೆಚ್ಚು ಕಡಿಮೆ ಬೆಳ್ಳಗೇ ಉಳಿಯಿತು.

ರೇವಣಸಿದ್ದನ ಅಂಗಿಯ ತೂತುಗಳನ್ನು ಅವರು ಬೆಳಿಗ್ಗೆಯೇ ಗಮನಿಸಿದ್ದರು. ಬ್ಯಾಟರಿಯ ಆಸಿಡ್ ಸಿಡಿದರೆ ಬಟ್ಟೆ ಹಾಗೆ ತೂತು ಬೀಳುತ್ತದೆ. ಚಿತ್ತಾಪುರದಲ್ಲಿ ಟ್ರ್ಯಾಕ್ಟರ್ ಬ್ಯಾಟರಿ ದುರಸ್ತಿ ಮಾಡುವ ಅವನಿಗೆ ಸೀಸದ ಪಟ್ಟಿಗಳಿಗೇನು ಬರ? ಆದರೆ ತಂಬಿಗೆ ಅವನ ಕೈಯಿಂದಲೇ ಬಂತೆನ್ನಲು ಸಾಕ್ಷಿ ಬೇಕಿತ್ತು. ಅದಕ್ಕಾಗಿಯೇ ಸೇಡಂಗೆ ಹೋಗಿದ್ದು.

ಫಕೀರಸಾಬ ತಂಬಿಗೆಯನ್ನು ತಿರುಗಿಸಿ ನೋಡಿ, ರೇವಣಸಿದ್ದನ ಕಡೆ ಬೆರಳು ತೋರಿಸಿದ. "ಇದೇ ತಂಬಗಿರಿ. ಜತಿಗೆ ಸೀಸ ತಂದಿದ್ರು ಇವರು. ಉಣ್ಣೋ ಕುಡಿಯೋ ಭಾಂಡೆಕ್ಕ ಅದು ಜಹರ್ ಆಗ್ತದ, ನಾ ಹಚ್ಚಲ್ಲ ಅಂದೆ. ಎತ್ಕೊಂಡು ಹೋದ್ರು."

ಪಿಎಸ್‌ಐ ಗದರಿಸಿ ಕೇಳಿದಾಗ ಉಳಿದದ್ದೂ ಹೊರಬಿತ್ತು. ಕಲಾಯಿ ಹಾಕಿಸಿಕೊಡುವೆನೆಂದು ಅಕ್ಕನಿಂದ ತಂಬಿಗೆ ಒಯ್ದಿದ್ದ ರೇವಣಸಿದ್ದ, ವಿಷವೆಂದು ಗೊತ್ತಾದ ಮೇಲೂ ತನ್ನ ಮನೆಯಲ್ಲಿ ತಾನೇ ಸೀಸ ಕರಗಿಸಿ ಹಚ್ಚಿ ತಂದುಕೊಟ್ಟಿದ್ದ. ಅಟ್ಟದ ಪೊಟ್ಟಣವೂ ಅವನದೇ. ಅವನು ತಲೆ ಎತ್ತದೆ ಮಾತಾಡಿದ.

"ನನ್ನ ಮಗಳು ಪ್ರೀತಿ ಹುಟ್ಟಿದಾಗೇ ಮಲ್ಲುಗ ಅಂತ ಮಾತಾಗಿತ್ತು. ಅಕ್ಕ ಮಾತು ಮುರಿದು ಹೊರಗಿನಾಕಿನ್ನ ತಂದಳು. ಪ್ರೀತಿಗಿ ಆಮ್ಯಾಲ ಬಂದ ಎರಡು ಸಂಬಂಧನೂ ಮುರಿದ್ವು. ಅಕ್ಕ ಸಾಯಲಿ ಅಂತ ಮಾಡಿಲ್ರಿ. ಹೊಟ್ಟಿಬ್ಯಾನಿ ಬರ್ತದ, ಸೊಸಿ ಮ್ಯಾಲ ಸಂಶಯ ಬಂದು ಹೊರಗ ಹಾಕ್ತಾರ ಅಂತ ತಿಳಿದಿದ್ದೆ."

ಪಿಎಸ್‌ಐ ಅವನನ್ನು ಕರೆದುಕೊಂಡು ಹೋದ. ಶಿವಕಾಂತಮ್ಮನನ್ನು ಅದೇ ಸಂಜೆ ಕಲಬುರಗಿಗೆ ಸಾಗಿಸಬೇಕೆಂದೂ, ಸೀಸ ಇಳಿಸುವ ಔಷಧವಿದೆಯೆಂದೂ, ಬದುಕುವಳೆಂದೂ ರಮಾಬಾಯಿ ಹೇಳಿದರು. ಕರಗಿದ ಹಲ್ಲಿನ ಪದರು ಮಾತ್ರ ಮತ್ತೆ ಬರುವುದಿಲ್ಲ.

ಕಾಶಪ್ಪ ಕಂಬಕ್ಕೊರಗಿ ಕುಸಿದು ಕೂತಿದ್ದ. ಭಾಗ್ಯಜ್ಯೋತಿ ಎದ್ದು, ಉಮಾದೇವಿ ಇಟ್ಟಿದ್ದ ಹಾಲುರೊಟ್ಟಿಯನ್ನು ನಿಂತಲ್ಲೇ ಉಂಡಳು. ಅನಂತರ ಒಳಗೆ ಹೋಗಿ ಗಂಜಿ ಕಾಯಿಸಿ ಡಬ್ಬಿಗೆ ತುಂಬಿದಳು. ಆಸ್ಪತ್ರೆಯಲ್ಲಿ, ಅಂಬುಲೆನ್ಸ್ ಬರುವವರೆಗೆ, ಅತ್ತೆಗೆ ಚಮಚದಿಂದ ಕುಡಿಸಿದಳು. ಶಿವಕಾಂತಮ್ಮನಿಗೆ ಆಗಲೇ ಯಾರೋ ತಮ್ಮನ ಸಂಗತಿ ಹೇಳಿದ್ದರು. ಅವಳು ಸೊಸೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದಳು.

ಅಂಬುಲೆನ್ಸ್ ಹೊರಡುವ ಮುಂಚೆ ಮಲ್ಲು ಹೆಂಡತಿಯ ಹತ್ತಿರ ಬಂದು ಮನೆಗೆ ಹೋಗೋಣವೆಂದ. ಅವಳು ಅವನ ಮುಖವನ್ನು ನೇರವಾಗಿ ನೋಡಿದಳು.

"ನಾ ಅಪ್ಪನ ಜತಿಗೆ ದಂಡೋತಿಗಿ ಹೋಗ್ತೀನ್ರಿ. ಅತ್ತಿ ಆರಾಮಾದ ಮ್ಯಾಲ ಬಂದು ಕರೀರಿ. ಬರ್ತೀನೋ ಇಲ್ಲೋ ಅವತ್ತು ಹೇಳ್ತೀನಿ."